ಸ್ವಂತ ಬಾಯಿ

"ಪರವಾಗಿಲ್ಲ ಬಿಡು" ಎಂದ ಗ್ವಾಲ್ತಿಯೆರೊ. ಅಷ್ಟೇ ಅಂದದ್ದು. ಎದುರು ಜೋಡಿಯ ಬಿಯಾಜೊ ತನ್ನ ಕಟುಕನ ದಪ್ಪ ಬೆರಳುಗಳಿಂದ ಮೇಜಿನ ನಡುವಿನ ನಾಲ್ಕೂ ಇಸ್ಪೀಟೆಲೆಗಳನ್ನು ಗೋರಿ ತನ್ನ ಕಡೆಗೆ ಎಳೆದುಕೊಂಡ. ಅದರೊಳಗೆ ಗ್ವಾಲ್ತಿಯೆರೊ ಹಾಕಿದ್ದ ಬಟ್ಟಲು ಜಾತಿಯ ಎಕ್ಕವೂ ಇತ್ತು. ಇಡೀ ಆಟವನ್ನೇ ತಿರುಗಿಸುವ ಎಲೆ. ಜೊತೆಗಾರನಾದ ಎರ್ಮೆತೆಯ ಮುಖ ನೋಡಿ, ಅವನನ್ನು ನಂಬಿ ಹಾಕಿದ್ದು. ಎಕ್ಕ ಬೋರಲಾಗಿ ಬಿಯಾಜೊನ ಕಟ್ಟಿನೊಳಗೆ ಸೇರಿದ್ದನ್ನು ಎರ್ಮೆತೆ ನೋಡಿದ. ಆಮೇಲೆ ಗ್ವಾಲ್ತಿಯೆರೊನ ಮುಖ ನೋಡಿದ. ಒಂದು ಬೈಗುಳ ಅವನ ಗಂಟಲವರೆಗೆ ಬಂದು ಅಲ್ಲಿಂದ ಹಿಂದಕ್ಕೆ ಇಳಿದದ್ದು ಎದ್ದು ಕಾಣುತ್ತಿತ್ತು. ನುಂಗಿಕೊಂಡಿದ್ದ. ನುಂಗಿಕೊಂಡು, ರೋಗಿಯ ಮಂಚದ ಪಕ್ಕ ಕೂತವರು ಮಾತಾಡುವ ದನಿಯಲ್ಲಿ ಪರವಾಗಿಲ್ಲ ಬಿಡು ಎಂದಿದ್ದ. ಎರ್ಮೆತೆಯ ಹೊಟ್ಟೆಯ ತಳದಲ್ಲಿ ಏನೋ ಬಿಸಿಯಾಗಿ ಮಗ್ಗುಲು ಬದಲಾಯಿಸಿತು.

ನಿವೆಸಳ ಬಾರಿನಲ್ಲಿ ಬ್ರಿಸ್ಕೊಲಾ ಆಡುವಾಗ ಬೈಯದೆ ಇರುವುದು ಅಂದರೆ ಏನೆಂದು ಮೊಂತೆಲಾರೊದಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಹೋದ ವಾರ ಬಿಯಾಜೊ ತುರುಫನ್ನು ಸುಮ್ಮನೆ ಹಾಳುಮಾಡಿದಾಗ ಅವನ ಜೊತೆಗಾರ, ಊರಿನ ಡಾಕ್ಟರು ಸೆತ್ತಿಮಿಯೊ, ಇಷ್ಟು ವಯಸ್ಸಾದ ಮನುಷ್ಯ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತು, "ನಿನ್ನ ಕೈಗೆ ಎಲೆ ಕೊಡೋದಕ್ಕಿಂತ ನಿನ್ನ ಅಂಗಡಿ ಕೊಕ್ಕೇಲಿ ನೇತಾಡೋ ಹಂದಿ ಕೈಗೆ ಕೊಟ್ಟಿದ್ರೆ ಚೆನ್ನಾಗಿತ್ತಲ್ಲೋ, ಸತ್ತಿದ್ರೂ ನಿನಗಿಂತ ಚೆನ್ನಾಗಿ ಆಡೋದು!" ಎಂದು ಚೌಕದ ಆ ತುದಿಯ ಚರ್ಚಿನವರೆಗೂ ಕೇಳುವ ಹಾಗೆ ಕೂಗಿದ್ದರು. ಬಿಯಾಜೊ ಬಿಟ್ಟಿರಲಿಲ್ಲ. "ಡಾಕ್ಟ್ರೇ, ನೀವು ಔಷಧಿ ಕೊಟ್ಟೋರೆಲ್ಲ ಗುಡ್ಡದ ಮೇಲೆ ಸಾಲಾಗಿ ಮಲಗವ್ರೆ, ಹೋಗಿ ಅವರನ್ನ ಕೇಳಿ ಯಾರಿಗೆ ಬುದ್ಧಿ ಇಲ್ಲ ಅಂತ!" ಎಂದಿದ್ದ. ನಿವೆಸ್ ಇಬ್ಬರಿಗೂ ಸೇರಿಸಿ ಬೈದಿದ್ದಳು. ಆಮೇಲೆ ಇಬ್ಬರೂ ಒಂದೇ ಬಾಟಲಿಯಿಂದ ಸೋಂಪಿನ ಮದ್ಯವನ್ನು ಕಾಫಿಗೆ ಸುರಿದುಕೊಂಡು ಕುಡಿದಿದ್ದರು. ತಪ್ಪು ಎಲೆ ಹಾಕಿದವನಿಗೆ ಅಮ್ಮನಿಂದ ಹಿಡಿದು ಅಜ್ಜಿಯವರೆಗೆ ಬೈಗುಳ ಸಿಗಬೇಕು. ಗಂಡಸರು ಇಲ್ಲಿ ಒಬ್ಬರನ್ನೊಬ್ಬರು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವುದೇ ಹಾಗೆ. ಎರ್ಮೆತೆಗೆ ಮಾತ್ರ ಯಾರೂ ಬೈಯುವುದಿಲ್ಲ. ಯಾವಾಗಿನಿಂದ ನಿಂತಿತು? ಹಿಂದಿನ ಸಲ ಕೆಳಗಿನ ಪಟ್ಟಣದ ಆಸ್ಪತ್ರೆಯಿಂದ ಬಂದ ಮೇಲೆ. ಅವನು ಬರುವ ಮುಂಚೆಯೇ ಅವರೆಲ್ಲ ಕೂತು ಮಾತಾಡಿಕೊಂಡಿರಬೇಕು. ಅವನನ್ನ ಕೆಣಕಬೇಡಿ ಕಣ್ರೋ ಅಂತ ಸೆತ್ತಿಮಿಯೊ ಹೇಳಿರಬೇಕು, ಕನ್ನಡಕ ಒರೆಸಿಕೊಳ್ಳುತ್ತಾ. ನಿವೆಸ್ ಅವನು ಕೇಳುವ ಮುಂಚೆಯೇ ಕಿತ್ತಳೆ ಸೋಡಾ ತಂದಿಡುತ್ತಾಳೆ. ಏನು ಬೇಕು ಅಂತ ಕೇಳುವುದೇ ಇಲ್ಲ.

ಈ ದಿನ ಬಾಯಿ ಸುಮ್ಮನಿತ್ತು, ಅದೇ ಮೋಸವಾದದ್ದು. ಊಟದ ನಂತರ ಬಾರಿಗೆ ಬಂದು ಕೂತಾಗಿನಿಂದ ಒಮ್ಮೆಯೂ ತಾನಾಗಿ ಅಲುಗಿರಲಿಲ್ಲ. ಬ್ರಿಸ್ಕೊಲಾದಲ್ಲಿ ಜೊತೆಗಾರರು ಮಾತಾಡುವಂತಿಲ್ಲ, ಮುಖದಲ್ಲಿ ಹೇಳಬೇಕು. ತುರುಫಿನ ಎಕ್ಕ ಕೈಯಲ್ಲಿದ್ದರೆ ತುಟಿಗಳನ್ನು ಒಳಗೆ ಮಡಚುವುದು, ರಾಜನಿದ್ದರೆ ಕಣ್ಣು ಮೇಲೆ, ತುರುಫಿನ ಮೂರು ಇದ್ದರೆ ಬಾಯಿ ಒಂದು ಬದಿಗೆ ಸೊಟ್ಟ. ಶಾಲೆಗೆ ಸೇರುವ ಮುಂಚೆಯೇ ಅಜ್ಜನ ಮಂಡಿಯ ಮೇಲೆ ಕೂತು ಕಲಿತದ್ದು. ಎದುರಾಳಿ ಬೇರೆ ಕಡೆ ನೋಡುವ ಒಂದು ಕ್ಷಣ ಹುಡುಕಿ ಸೊಟ್ಟ ಮಾಡಬೇಕು, ಮರುಕ್ಷಣ ನೆಟ್ಟಗಾಗಬೇಕು. ಈಗ ಹತ್ತು ಹದಿನೈದು ವರ್ಷಗಳಿಂದ ತಿಂಗಳು ತಿಂಗಳು ತೋಳಿಗೆ ಇಳಿದ ಔಷಧ ಆ ಬಾಯಿಯನ್ನು ತನ್ನದಾಗಿಸಿಕೊಂಡಿದೆ. ದವಡೆ ಎಡಕ್ಕೆ ಜಗ್ಗುತ್ತದೆ, ನಾಲಿಗೆ ಒಳಗೇ ಹೊರಳುತ್ತದೆ. ಚರ್ಚಿನಲ್ಲಿ, ಬಸ್ಸಿನಲ್ಲಿ, ಬ್ರೆಡ್ ಅಂಗಡಿಯ ಹುಡುಗಿಯ ಎದುರು ಅವನ ಬಾಯಿ ತನ್ನ ಪಾಡಿಗೆ ತಾನು ತುರುಫಿನ ಮೂರು ಇದೆ, ತುರುಫಿನ ಮೂರು ಇದೆ ಎಂದು ಹೇಳುತ್ತಲೇ ಇರುತ್ತದೆ. ಮೊದಮೊದಲು ಗ್ವಾಲ್ತಿಯೆರೊನೇ ನಗೆಯಾಡಿದ್ದ, "ಲೇ, ನಿನ್ನ ಒಬ್ಬನ ಕೈಲೇ ಎಷ್ಟು ಮೂರು ಇದಾವೋ ಕಳ್ಳ!" ಆ ನಗೆಯೂ ನಿಂತುಹೋಯಿತು.

ಅವನು ಸೂಜಿ ಬಿಟ್ಟಿದ್ದ. ಒಂದು ತಿಂಗಳ ಸೂಜಿಗೆ ಹೋಗಲಿಲ್ಲ, ಮರುತಿಂಗಳದ್ದಕ್ಕೂ ಹೋಗಲಿಲ್ಲ. ಕಣಿವೆಯ ಮಾನಸಿಕ ಆರೋಗ್ಯ ಕೇಂದ್ರದಿಂದ ಯಾರೂ ಬಂದು ಕೇಳಲಿಲ್ಲ, ಅದೇ ಆಶ್ಚರ್ಯ. ನರ್ಸು ಎಲ್ವಿರಾ ಇದ್ದ ಕಾಲದಲ್ಲಾದರೆ ಒಂದು ದಿನ ತಪ್ಪಿದರೆ ಆ ನರ್ಸಮ್ಮ ಸ್ಕೂಟರ್ ಏರಿ ಗುಡ್ಡ ಹತ್ತಿ ಬಂದು ಅಂಗಳದಿಂದಲೇ ಶುರು ಮಾಡುತ್ತಿದ್ದಳು, "ಎಲ್ಲಿ ಸತ್ತೆಯೋ ಎರ್ಮೆತೆ, ನಾನೇನು ನಿನ್ನ ಹೆಂಡ್ತಿನಾ ಹುಡ್ಕೊಂಡು ಬರೋಕೆ?" ಅವನೂ ಕೂಗುತ್ತಿದ್ದ. ಅವಳಿಗೆ ಕೂಗಿದರೆ ಅವಳು ಕೂಗುತ್ತಿದ್ದಳು, ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಅಕ್ಕ ಪಿಯೆರಿನಾ ಮಾಡಿದ ಹುರುಳಿಕಾಯಿ ಸಾರು ತಿಂದು, ಉಪ್ಪು ಕಡಿಮೆ ಎಂದು ಅವಳಿಗೂ ಬೈದು ಹೋಗುತ್ತಿದ್ದಳು. ಅವಳು ನಿವೃತ್ತಳಾದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಆಗ ಮನುಷ್ಯರು ಬರುತ್ತಿದ್ದರು, ಈಗ ಅವನೇ ಬಸ್ಸು ಹಿಡಿದು ಸೂಜಿಯ ಹತ್ತಿರ ಹೋಗಬೇಕು. ಹೋದಾಗಲೆಲ್ಲ ಹೊಸ ಡಾಕ್ಟರು. ಕೊನೆಯ ಸಲ ಸಿಕ್ಕ ಯುವತಿ ಮರಾಂಗೊನಿ, ಅವನು ಬಾಯಿಯ ಬಗ್ಗೆ ಹೇಳುತ್ತಿದ್ದಾಗ ತಲೆ ಎತ್ತದೆ, ಔಷಧ ಕೆಲಸ ಮಾಡ್ತಾ ಇದೆಯಲ್ಲ, ಅದು ಮುಖ್ಯ ಎಂದಿದ್ದಳು. ತಲೆ ಎತ್ತಿದ್ದರೆ ಬಾಯಿ ಕಾಣುತ್ತಿತ್ತು.

ಆದ್ದರಿಂದ ಇಂದು ಬಾಯಿ ಸುಮ್ಮನಿದ್ದದ್ದು ಅವನಿಗೆ ಒಂದು ಗೆಲುವಿನ ಹಾಗಿತ್ತು. ಆಟದ ಮಧ್ಯದಲ್ಲಿ ನಿಜಕ್ಕೂ ತುರುಫಿನ ರಾಜ ಬಂದಾಗ ಅವನು ಕಣ್ಣು ಮೇಲೆತ್ತಿ ಹೇಳಿದ್ದ, ಗ್ವಾಲ್ತಿಯೆರೊ ಹಿಡಿದಿದ್ದ, ಇಬ್ಬರೂ ಸೇರಿ ಸೆತ್ತಿಮಿಯೊ ಅವರ ಒಂದು ದೊಡ್ಡ ಎಲೆಯನ್ನು ಹೊಡೆದಿದ್ದರು. ಗ್ವಾಲ್ತಿಯೆರೊ ಮೇಜು ಗುದ್ದಿ ನಕ್ಕಿದ್ದ. ಹಳೆಯ ನಗು, ಶಾಲೆಯ ಹಿಂದಿನ ಗೋಡೆ ಹಾರುವಾಗ ನಗುತ್ತಿದ್ದದ್ದು, ಮೇಯರ್ ಆಗುವ ಎಷ್ಟೋ ಮುಂಚಿನದು. ಆ ನಗುವಿನಿಂದಲೇ ಅವನು ಮತ್ತೆ ಎರ್ಮೆತೆಯ ಮುಖವನ್ನು ಮುಖವೆಂದು ಓದತೊಡಗಿದ್ದ. ಆಮೇಲೆ ಈ ಸುತ್ತಿನಲ್ಲಿ ದವಡೆ ಎಡಕ್ಕೆ ಜಗ್ಗಿದಾಗ ಎರ್ಮೆತೆಗೆ ಗೊತ್ತಾಯಿತು, ತಡೆಯಲಾಗಲಿಲ್ಲ, ಗ್ವಾಲ್ತಿಯೆರೊನ ಕಣ್ಣು ಹೊಳೆದದ್ದೂ ಕಾಣಿಸಿತು, ಬೇಡ ಎಂದು ಹೇಳಲು ಆಟದ ನಿಯಮ ಬಿಡಲಿಲ್ಲ. ಎರ್ಮೆತೆಯ ಮೂರು ಕಾಯುತ್ತದೆಂದು ನಂಬಿದ ಎಕ್ಕ ಮೇಜಿನ ಮೇಲೆ ಬಿತ್ತು. ಎರ್ಮೆತೆಗೆ ಹಾಕಲು ಸಿಕ್ಕಿದ್ದು ನಾಣ್ಯದ ಏಳು, ಯಾವ ಕೆಲಸಕ್ಕೂ ಬಾರದ ಎಲೆ.

"ಬೈಯಿ" ಎಂದ ಎರ್ಮೆತೆ.

"ಏನು?"

"ಬೈಯೋ ನಂಗೆ. ಎಕ್ಕ ಹೋಯ್ತು ನಿಂದು."

"ಆಟ ತಾನೇ. ಹೋಗ್ಲಿ ಬಿಡು." ಗ್ವಾಲ್ತಿಯೆರೊ ಮುಂದಿನ ಎಲೆ ಎಳೆಯಲು ಕೈ ಚಾಚಿದ.

"ಬಿಯಾಜೊ ಹಿಂಗೆ ಮಾಡಿದ್ರೆ ಬಿಡ್ತಿದ್ದೆಯಾ?"

"ನನ್ನ ಯಾಕೆ ಎಳೀತೀಯೋ ಮಧ್ಯಕ್ಕೆ, ನಾನು ಗೆದ್ದವನು" ಎಂದು ಬಿಯಾಜೊ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಅವನೂ ನಿಲ್ಲಿಸಿದ.

"ನನ್ನ ಬಾಯಿ ಸುಳ್ಳು ಹೇಳ್ತು. ನನ್ನ ಕೈಲಿ ಮೂರು ಇರ್ಲಿಲ್ಲ. ಕತ್ತೆ ಅನ್ನು, ಹಡಬೆ ಅನ್ನು, ಏನಾದ್ರೂ ಅನ್ನೋ!"

"ಎರ್ಮೆತೆ, ಸ್ವಲ್ಪ ಮೆತ್ತಗೆ" ಎಂದರು ಸೆತ್ತಿಮಿಯೊ.

ಮೆತ್ತಗೆ. ಪಕ್ಕದ ಮೇಜಿನಲ್ಲಿ ಇಬ್ಬರು ಬೇಟೆಗಾರರು ಒಂದು ನಾಯಿಯ ವಿಷಯಕ್ಕೆ ಕತ್ತು ಹಿಡಿಯುವಷ್ಟು ಜೋರಾಗಿ ಜಗಳವಾಡುತ್ತಿದ್ದರು. ಟೀವಿಯಲ್ಲಿ ಯಾರೋ ಸಂಸದ ಅರಚುತ್ತಿದ್ದ. ಒಳಗೆ ನಿವೆಸ್ ಫೋನಿನಲ್ಲಿ ವೈನ್ ತರುವವನ ವಂಶವನ್ನೇ ಶಪಿಸುತ್ತಿದ್ದಳು. ಈ ಊರಿನಲ್ಲಿ ನಾಮಕರಣದಲ್ಲೂ ಹೆಣದ ಮುಂದೆಯೂ ಮೆತ್ತಗೆ ಮಾತಾಡಿದವರನ್ನು ಅವನು ಕಂಡಿಲ್ಲ. ಮೆತ್ತಗೆ ಎನ್ನುವುದು ಅವನೊಬ್ಬನಿಗೆ. ಅವನ ದನಿ ಒಂದು ಮೆಟ್ಟಿಲು ಏರಿದರೆ ಸಾಕು, ಸುತ್ತ ಇರುವವರ ಮುಖಗಳು ಒಂದೇ ಹೊತ್ತಿಗೆ ಮೃದುವಾಗುತ್ತವೆ, ಬೆಣ್ಣೆ ಸವರಿದ ಹಾಗೆ. ಅವನ ಕಾಯಿಲೆ ಹಾಗೆ ಬರುವುದೇ ಇಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದ. ಕಾಯಿಲೆ ಬರುವಾಗ ಎಲ್ಲ ತಣ್ಣಗಾಗುತ್ತದೆ, ವಸ್ತುಗಳ ಅಂಚು ಹರಿತವಾಗುತ್ತದೆ, ಬಾಗಿಲಿನ ಚಿಲಕ ತನ್ನನ್ನು ಉದ್ದೇಶಿಸಿ ಅಲ್ಲಿರುವ ಹಾಗೆ ಕಾಣುತ್ತದೆ, ಆಗ ಅವನು ಮಾತೇ ಆಡುವುದಿಲ್ಲ. ಅಂಥ ತಣ್ಣಗಿನ ಒಂದು ಬೆಳಿಗ್ಗೆ ಅವನು ಅಕ್ಕ ಪಿಯೆರಿನಾಳನ್ನು ಕೋಳಿಗೂಡಿಗೆ ನೂಕಿ ಚಿಲಕ ಹಾಕಿದ್ದ. ಅವಳ ಗಲ್ಲದ ಮೇಲೆ ಇವತ್ತಿಗೂ ಒಂದು ಬಿಳಿ ಗೆರೆ ಇದೆ, ಊಟಕ್ಕೆ ಕೂತಾಗ ಅವನು ಅದನ್ನು ನೋಡದ ಹಾಗೆ ತಟ್ಟೆ ನೋಡುತ್ತಾನೆ. ಅದು ಬೇರೆ. ಇದು ಹೊಟ್ಟೆಯಿಂದ ಬಂದದ್ದು, ಬಿಸಿಯಾಗಿದೆ, ಇದಕ್ಕೆ ಕಾರಣವಿದೆ, ಕಾರಣ ಅಲ್ಲೇ ಬಿಯಾಜೊನ ಕಟ್ಟಿನೊಳಗೆ ಬೋರಲಾಗಿ ಬಿದ್ದಿದೆ. ಎರಡು ರಾತ್ರಿ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ, ನಿಜ. ಹಾಗಾದರೆ? ಇಲ್ಲ. ಕಿಟಕಿಯ ಚಿಲಕವನ್ನು ಒಮ್ಮೆ ನೋಡಿದ. ಅದು ಬರೀ ಚಿಲಕವಾಗಿತ್ತು.

"ಮೆತ್ತಗೆ ಯಾಕೆ? ನೀವು ಮಾತ್ರ ಕಿರುಚ್ತೀರ, ನಾನು ಮೆತ್ತಗೆ ಯಾಕೆ? ಈ ಬಾಯಿ ನೀವು ಕೊಟ್ಟಿದ್ದು ಡಾಕ್ಟ್ರೇ. ಅದಕ್ಕೇ ಬಿಟ್ಟೆ ನಿಮ್ಮ ಸೂಜಿ. ಬಿಟ್ಟು ಎರಡು ತಿಂಗಳಾಯ್ತು. ಯಾವನಾದ್ರೂ ಕೇಳಿದ್ನಾ?"

ಅಂದ ಮೇಲೆ ಗೊತ್ತಾಯಿತು, ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು. ಸೆತ್ತಿಮಿಯೊ ತಮ್ಮ ಕೈಯ ಎಲೆಗಳನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟರು, ಆಟ ಮುಗಿಯಿತು ಎನ್ನುವ ಹಾಗೆ. ಅವರು ಗ್ವಾಲ್ತಿಯೆರೊನನ್ನು ನೋಡಿದರು, ಗ್ವಾಲ್ತಿಯೆರೊ ಅವರನ್ನು ನೋಡಿದ. ಒಬ್ಬ ಊರಿನ ಡಾಕ್ಟರು, ಒಬ್ಬ ಊರಿನ ಮೇಯರ್. ಈ ದೇಶದಲ್ಲಿ ಒಬ್ಬನನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯಲು ಒಬ್ಬ ಡಾಕ್ಟರು ಬೇಕು ಎನ್ನಬೇಕು, ಸರ್ಕಾರಿ ಡಾಕ್ಟರೊಬ್ಬರು ಹೌದು ಎನ್ನಬೇಕು, ಆಮೇಲೆ ಊರಿನ ಮೇಯರ್ ಆಜ್ಞೆಗೆ ಸಹಿ ಹಾಕಬೇಕು. ಹುಚ್ಚಾಸ್ಪತ್ರೆಗಳ ಗೇಟು ತೆರೆದ ಕಾನೂನು ಇದು, ಇನ್ನು ಮುಂದೆ ಯಾರನ್ನೂ ಕಳ್ಳದಾರಿಯಲ್ಲಿ ಒಳಗೆ ಹಾಕಬಾರದು ಎಂದು ಮಾಡಿದ್ದು. ಅವನನ್ನು ಒಯ್ಯಲು ಬೇಕಾದ ಮೂರು ಜನರಲ್ಲಿ ಇಬ್ಬರ ಜೊತೆ ಅವನು ವಾರ ವಾರ ಇಸ್ಪೀಟು ಆಡುತ್ತಿದ್ದ. ಅದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಈಗ ಹೊಳೆದು ಅವನು ಮೇಜಿಗೆ ಗುದ್ದಿದ. ಗ್ವಾಲ್ತಿಯೆರೊ ನಗುವಾಗ ಗುದ್ದಿದಷ್ಟೇ ಜೋರಾಗಿ, ಹೆಚ್ಚೇನಲ್ಲ. ಕಿತ್ತಳೆ ಸೋಡಾದ ಗ್ಲಾಸು ಉರುಳಿ ನೆಲಕ್ಕೆ ಬಿದ್ದು ಒಡೆಯಿತು. ಬಾಗಿ ಚೂರು ಎತ್ತಲು ಹೋದ ಅವನ ಅಂಗೈ ಕೊಯ್ದುಕೊಂಡಿತು.

ಬೇಟೆಗಾರರ ನಾಯಿಜಗಳ ನಿಂತಿತು. ನಿವೆಸ್ ಪೊರಕೆ ತಂದಳು. ಗ್ಲಾಸು ಒಡೆದವನ ಮೇಲೆ ಅವಳು ಪೊರಕೆಯನ್ನೇ ಎತ್ತುವವಳು. ಈಗ ಅವನ ಕಾಲಿನ ಸುತ್ತ ಮೆಲ್ಲಗೆ ಗುಡಿಸುತ್ತಾ, "ಕೂತ್ಕೋ ಮಗಾ, ಕೂತ್ಕೋ" ಎಂದಳು. ಅವಳು ಅವನಿಗಿಂತ ಚಿಕ್ಕವಳು. ಸೆತ್ತಿಮಿಯೊ ಫೋನ್ ತೆಗೆದುಕೊಂಡು ಹೊರಗೆ ಹೋದರು, "ಮಗಳು ಕಾಯ್ತಿರ್ತಾಳೆ, ಒಂದು ಮಾತು ಹೇಳ್ಬಿಡ್ತೀನಿ" ಎಂದು. ಅವರ ಮಗಳು ಈ ಹೊತ್ತಿನಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾಳೆ. ಗಾಜಿನ ಆಚೆ ಅವರು ಬೆನ್ನು ತಿರುಗಿಸಿ ನಿಂತು ಮಾತಾಡುವುದನ್ನು ಎರ್ಮೆತೆ ನೋಡಿದ. ಎದ್ದು ಮನೆಗೆ ಹೋಗಬಹುದಿತ್ತು. ಹೋದರೆ ಓಡಿದ ಎನ್ನುತ್ತಾರೆ. ಕೂತರೆ ಸುಮ್ಮನೆ ದಿಟ್ಟಿಸುತ್ತಾ ಕೂತಿದ್ದ ಎನ್ನುತ್ತಾರೆ. ಅಂಗೈಯ ರಕ್ತವನ್ನು ಕಾಗದದ ಕರವಸ್ತ್ರದಲ್ಲಿ ಒತ್ತಿ ಹಿಡಿದು ಕೂತ. ಕೆಂಪು ನಿಧಾನವಾಗಿ ಪದರದಿಂದ ಪದರಕ್ಕೆ ಇಳಿಯಿತು. ಅದಾಲ್ಜಿಸಾ ಚಿಕ್ಕಮ್ಮ ಹೀಗೇ ಕೂರುತ್ತಿದ್ದಳು. ಹಳೆಯ ಹುಚ್ಚಾಸ್ಪತ್ರೆಯ ಗೇಟು ತೆರೆದ ವರ್ಷ ಅಪ್ಪ ಅವಳನ್ನು ಮನೆಗೆ ಕರೆತಂದ. ರಟ್ಟಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಅಡಿಗೆಮನೆಯಲ್ಲಿ ಕೂತಳು, ಸಂಜೆಯ ಹೊತ್ತಿಗೆ ಕುರ್ಚಿಯ ಕೆಳಗೆ ಒದ್ದೆಯಾಗಿತ್ತು. ಬಚ್ಚಲಿಗೆ ಹೋಗಲು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದಳು. ಹುಡುಗನಾಗಿದ್ದ ಎರ್ಮೆತೆ ನಕ್ಕ. ಅಪ್ಪ ಅವನ ಕೆನ್ನೆಗೆ ಬಾರಿಸಿ ಆಮೇಲೆ ತಾನೇ ಅಳುತ್ತಾ ಹೊರಗೆ ಹೋದ. ಕೆಲವು ತಿಂಗಳ ನಂತರ ಚಿಕ್ಕಮ್ಮ ಒಂದು ದಿನ ಹಾಲು ಉಕ್ಕಿಸಿದ್ದಕ್ಕೆ ಅಮ್ಮನ ಮೇಲೆ ಬಾಯಿ ಮಾಡಿದಳು, ಆ ಮನೆಯಲ್ಲಿ ಅವಳ ದನಿ ಜೋರಾಗಿ ಕೇಳಿದ್ದು ಅದೇ ಮೊದಲು. ಅಪ್ಪ ಅವತ್ತು ವೈನ್ ತೆರೆದ. ಅವಳು ಬೈದಳು ಎಂದು ಖುಷಿಯಿಂದ ಕುಡಿದ.

ಪಿಯೆರಿನಾ ಅಡಿಗೆಯ ಏಪ್ರನ್ನಿನಲ್ಲೇ ಓಡಿಬಂದಳು, ಕೈಗೆಲ್ಲ ಹಿಟ್ಟು. ಮೊದಲು ಅವನ ಮುಖ ನೋಡಲಿಲ್ಲ, ರಕ್ತ ನೋಡಿದಳು.

"ಯಾರಿಗೆ ಹೊಡೆದ?" ಎಂದು ಕೇಳಿದ್ದು ಗ್ವಾಲ್ತಿಯೆರೊನನ್ನು.

"ಯಾರಿಗೂ ಇಲ್ಲ ಪಿಯೆರಿನಾ. ಗ್ಲಾಸು ಒಡೀತು."

"ಅಕ್ಕ, ನಾನಿಲ್ಲೇ ಇದೀನಿ. ನನ್ನ ಕೇಳು."

"ಸೂಜಿ ಬಿಟ್ಟಿದೀಯಂತೆ?" ಅವಳ ಗಲ್ಲ ನಡುಗುತ್ತಿತ್ತು, ಬಿಳಿ ಗೆರೆಯೂ ಜೊತೆಗೆ. "ನನಗೆ ಸುಳ್ಳು ಹೇಳಿದೆಯಾ? ಬಸ್ಸು ಹತ್ತಿ ಎಲ್ಲಿಗೆ ಹೋಗ್ತಿದ್ದೆ?"

"ನದಿ ಹತ್ರ ಕೂತಿರ್ತಿದ್ದೆ."

"ನದಿ ಹತ್ರ" ಎಂದಳು ಪಿಯೆರಿನಾ, ಯಾರಿಗೂ ಅಲ್ಲದ ಹಾಗೆ. ಅವಳು ಹೆದರಿದ್ದಾಳೆ. ಹೆದರಲು ಅವಳಿಗೆ ಕಾರಣವಿದೆ, ಆ ಕಾರಣವನ್ನು ಅವಳ ಗಲ್ಲದ ಮೇಲೆ ಇಟ್ಟವನು ತಾನೇ. ಆ ಒಂದು ಕ್ಷಣ ಅವನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಕೋಳಿಗೂಡಿನ ಒಳಗಿಂದ ಅವಳು ಕಿರುಚಲಿಲ್ಲ, ಅವನ ಹೆಸರನ್ನಷ್ಟೇ ಮತ್ತೆ ಮತ್ತೆ ಕರೆದಳು, ಚಿಕ್ಕವನಿದ್ದಾಗ ಊಟಕ್ಕೆ ಕರೆಯುವ ಹಾಗೆ. ಅದಕ್ಕಾಗಿ ಎಷ್ಟು ಸಲ ಬೇಕಾದರೂ ಅವನು ಮಂಡಿಯೂರಿಯಾನು. ಆದರೆ ಒಂದು ಎಕ್ಕದ ಜಗಳಕ್ಕೆ ಆ ಬೆಳಗಿನ ದಂಡವನ್ನು ಇನ್ನೊಮ್ಮೆ ಯಾಕೆ ತೆರಬೇಕು? ಅವಳ ಕೈ ಹಿಡಿಯಲು ಚಾಚಿದ. ರಕ್ತದ ಕೈ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಆಸ್ಪತ್ರೆಯ ವ್ಯಾನು ಚೌಕಕ್ಕೆ ಬಂದು ಕಾರಂಜಿಯ ಪಕ್ಕ ನಿಂತಾಗ ಸಂತೆಯ ಅಂಗಡಿಗಳನ್ನು ಕಳಚಿ ಕಟ್ಟುತ್ತಿದ್ದರು. ಊರಿನ ಪೊಲೀಸಿನ ಇವಾನಾ, ತರಕಾರಿಯವನ ಗಾಡಿಗೆ ದಂಡ ಹಾಕುತ್ತಿದ್ದವಳು, ಟೋಪಿ ಸರಿಮಾಡಿಕೊಂಡು ಬಾರಿನ ಬಾಗಿಲಿಗೆ ಬಂದು ನಿಂತಳು. ಎರ್ಮೆತೆಯ ತಾಯಿಯ ಶವಯಾತ್ರೆಗೆ ವಾಹನಗಳನ್ನು ತಡೆದವಳು ಅವಳೇ. ಡಾಕ್ಟರ್ ಮರಾಂಗೊನಿ ಒಳಗೆ ಬಂದಳು, ಹಿಂದೆ ಇಬ್ಬರು ನರ್ಸುಗಳು. ಒಬ್ಬ ಗಡ್ಡದವ, ಇನ್ನೊಬ್ಬ ಹೊಸಬ. ಅವಳು ಕುರ್ಚಿ ಎಳೆದುಕೊಂಡು ಅವನ ಎದುರು, ಗ್ವಾಲ್ತಿಯೆರೊ ಕೂತಿದ್ದ ಜಾಗದಲ್ಲಿ, ಕೂತಳು. ಇಸ್ಪೀಟಿನ ಎಲೆಗಳನ್ನು ಒಂದು ಬದಿಗೆ ಸರಿಸಿದಳು. ಈ ಸಲ ತಲೆ ಎತ್ತಿ ನೋಡಿದಳು.

"ಎರ್ಮೆತೆ ಅವರೇ, ಹೇಗಿದೀರಾ?"

"ಸಿಟ್ಟು ಬಂದಿದೆ."

"ಯಾವಾಗಿನಿಂದ ಹೀಗೆ?"

"ಹೀಗೆ ಅಂದ್ರೆ? ಸಿಟ್ಟು ಡಾಕ್ಟ್ರೇ. ಸಿಟ್ಟು. ನಿಮಗೆ ಬರಲ್ವಾ?"

ಅವಳು ಸೆತ್ತಿಮಿಯೊ ಅವರ ಕಡೆ ನೋಡಿದಳು. ಸೆತ್ತಿಮಿಯೊ ಕನ್ನಡಕ ಒರೆಸುತ್ತಿದ್ದರು. ಅವನ ಬಾಯಿ ಈಗ ಎಡಕ್ಕೆ ಜಗ್ಗಿತು, ಬಿಟ್ಟಿತು, ಮತ್ತೆ ಜಗ್ಗಿತು. ಗಾಬರಿಯಾದಾಗ ಅದು ಹೆಚ್ಚು. ಸೂಜಿ ಬಿಟ್ಟರೂ ಇದು ಬಿಡುವುದಿಲ್ಲ ಎಂದು ಎಲ್ವಿರಾ ಹಿಂದೆ ಹೇಳಿದ್ದಳು, ಕೆಲವರಿಗೆ ಸೂಜಿ ನಿಲ್ಲಿಸಿದ ಮೇಲೇ ಜಾಸ್ತಿ. ಹಾಗಾದರೆ ಎರಡು ತಿಂಗಳು ನದಿಯ ಹತ್ತಿರ ಕೂತು ಕಾದದ್ದೂ ದಂಡ.

"ಸ್ವಲ್ಪ ದಿನ ಬಂದು ವಿಶ್ರಾಂತಿ ತಗೊಳ್ಳಿ" ಎಂದಳು ಡಾಕ್ಟರು. "ಬೇರೆ ಔಷಧಿ ನೋಡೋಣ. ಬಾಯಿಗೂ ಏನಾದ್ರೂ ಮಾಡೋಣ. ನೀವು ನಿಮ್ಮ ಇಚ್ಛೆಯಿಂದ ಬರ್ತೀರಿ ಅಂದ್ರೆ ಎಲ್ಲಾ ಸುಲಭ. ನೀವು ಹ್ಞೂಂ ಅಂದ್ರೆ ಸಾಕು."

"ಊಹೂಂ ಅಂದ್ರೆ?"

"ಆಗ ಮೇಯರ್ ಅವರು ಆಜ್ಞೆ ಮಾಡಬೇಕಾಗುತ್ತೆ. ಅದು ಯಾರಿಗೂ ಇಷ್ಟ ಇಲ್ಲ."

ಹಿಂದಿನ ಸಲ ಅವನು ಹ್ಞೂಂ ಎಂದಿದ್ದ. ಅಕ್ಕನ ಗಲ್ಲದ ಹೊಲಿಗೆ ಇನ್ನೂ ಹಸಿಯಾಗಿತ್ತು, ಏನು ಕೇಳಿದರೂ ಹ್ಞೂಂ ಎನ್ನುವ ಸ್ಥಿತಿಯಲ್ಲಿದ್ದ. ತಾನೇ ಹೋಗಿ ವ್ಯಾನಿನಲ್ಲಿ ಕೂತಿದ್ದ. ವಾರ್ಡಿನಲ್ಲಿ ಕೆಲವು ದಿನ ಕಳೆದ ಮೇಲೆ, ನಾನೇ ಬಂದವನಲ್ಲವೇ, ನಾನೇ ಹೋಗುತ್ತೇನೆ ಎಂದು ಬಾಗಿಲಿಗೆ ಹೋದ. ಬಾಗಿಲು ತೆರೆಯಲಿಲ್ಲ. ಹಿಡಿ ಜಗ್ಗಿದ. ಆಮೇಲೆ ಮಣಿಕಟ್ಟಿಗೆ ಪಟ್ಟಿ, ಪಾದಕ್ಕೆ ಪಟ್ಟಿ, ಚಾವಣಿಯಲ್ಲಿ ಒಂದು ತೇವದ ಕಲೆ. ಮೂಗು ತುರಿಸಿದಾಗ ತುರಿಸಿಕೊಳ್ಳಲಾಗದೆ ಅವನು ಅತ್ತಿದ್ದ, ಕಟ್ಟಿದ್ದಕ್ಕಲ್ಲ, ಮೂಗಿಗೆ. ಮಂಚದ ಪಕ್ಕದಲ್ಲಿ ಕಾವಲು ಕೂತಿದ್ದ ನರ್ಸೊಬ್ಬ ಸಣ್ಣ ಕಿತ್ತಳೆ ಹಣ್ಣು ಸುಲಿದು ತಿನ್ನುತ್ತಾ, "ನೀವೇ ಒಪ್ಪಿ ಬಂದಿದೀರಲ್ಲ ಸ್ವಾಮಿ, ಈಗ ಯಾಕೆ ಗಲಾಟೆ?" ಎಂದು ಕೇಳಿದ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ಬಲವಂತವಾಗಿ ತಂದವನಾದರೆ ನ್ಯಾಯಾಧೀಶರೊಬ್ಬರು ನೋಡಬೇಕು, ದಿನ ಲೆಕ್ಕವಿಡಬೇಕು, ಮೇಯರನ ಹೆಸರು ಇರಬೇಕು. ಒಪ್ಪಿ ಬಂದವನಿಗೆ ಯಾರೂ ಇಲ್ಲ. ಕಟ್ಟಿದ ಆ ಪಟ್ಟಿಗಳ ಮೇಲೆ ಅವನದೇ ಹ್ಞೂಂ ಇತ್ತು.

"ಹ್ಞೂಂ ಅನ್ನೋ" ಎಂದಳು ಪಿಯೆರಿನಾ. "ನನಗೋಸ್ಕರ."

"ಎರಡು ವಾರ ಕಣೋ, ಕಣ್ಮುಚ್ಚಿ ತೆಗೆಯೋದ್ರೊಳಗೆ ಆಗೋಗುತ್ತೆ" ಎಂದ ಬಿಯಾಜೊ.

ಗ್ವಾಲ್ತಿಯೆರೊ ಬಂದು ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಹೆಗಲ ಮೇಲೆ ಕೈಯಿಟ್ಟ. ಅವನ ಉಸಿರಿನಲ್ಲಿ ಸೋಂಪಿನ ವಾಸನೆಯಿತ್ತು. "ಲೋ, ನಾವಿಬ್ಬರೂ ಒಂದೇ ಬೆಂಚಿನವರು. ನಿನ್ನ ಪಾದ ಹಿಡ್ಕೋತೀನಿ, ಹ್ಞೂಂ ಅನ್ನು. ನನ್ನ ಕೈಲಿ ಈ ಕೆಲಸ ಮಾಡಿಸ್ಬೇಡ."

ನನ್ನ ಕೈಲಿ. ಎರ್ಮೆತೆ ಆ ಕೈಯನ್ನು ನೋಡಿದ. ಕ್ಷಣ ಹೊತ್ತು ಹ್ಞೂಂ ಅವನ ನಾಲಿಗೆಯ ತುದಿಗೆ ಬಂದಿತ್ತು, ದಣಿದಿದ್ದ, ಅಕ್ಕ ಅಳುತ್ತಿದ್ದಳು. ಈಗ ಅವನಿಗೆ ಎಲ್ಲರ ಮುಖಗಳೂ ಒಟ್ಟಿಗೆ ಕಂಡವು. ಪಿಯೆರಿನಾ, ಬಿಯಾಜೊ, ಕನ್ನಡಕವಿಲ್ಲದೆ ಬೆತ್ತಲಾದ ಹಾಗಿದ್ದ ಸೆತ್ತಿಮಿಯೊ, ಪೊರಕೆ ಹಿಡಿದೇ ನಿಂತ ನಿವೆಸ್, ಬಾಗಿಲಲ್ಲಿ ಇವಾನಾ. ಎಲ್ಲರೂ ಅವನಿಂದ ಒಂದು ಉಪಕಾರ ಬೇಡುತ್ತಿದ್ದರು. ಅವನನ್ನು ಒಯ್ಯುವುದು ನಿರ್ಧಾರವಾಗಿತ್ತು, ಅದರಲ್ಲಿ ಬೇಡುವುದೇನೂ ಇರಲಿಲ್ಲ. ಒಯ್ದದ್ದು ತಾವಲ್ಲ ಎಂದಾಗಲಿ ಎಂದು ಬೇಡುತ್ತಿದ್ದರು. ನಾಳೆ ಇದೇ ಮೇಜಿಗೆ ಅವರು ಬರಬೇಕು, ಕಾಫಿಗೆ ಮದ್ಯ ಸುರಿದುಕೊಳ್ಳಬೇಕು, ಪಾಪ ಅವನೇ ಒಪ್ಪಿ ಹೋದ ಎನ್ನಬೇಕು. ಅದಕ್ಕೆ ಅವನ ಬಾಯಿ ಬೇಕಾಗಿತ್ತು. ದವಡೆಯನ್ನು ಔಷಧಕ್ಕೆ ಕೊಟ್ಟದ್ದಾಯಿತು, ಉಳಿದದ್ದನ್ನು ಇವರಿಗೆ ಕೊಡಬೇಕು.

"ಊಹೂಂ" ಎಂದ.

"ಎರ್ಮೆತೆ!"

"ಇಲ್ಲ. ಬರಲ್ಲ. ಒಪ್ಪಲ್ಲ. ಕರ್ಕೊಂಡು ಹೋಗ್ಬೇಕಾ, ಹೋಗು. ಸಹಿ ಹಾಕು. ನಿನ್ನ ಪೂರ್ತಿ ಹೆಸರು ಬರಿ."

"ನೋಡು, ಅವರು ನಿನ್ನ ಹಿಡ್ಕೊಂಡು..."

"ಹಿಡ್ಕೊಳ್ಲಿ. ನೀನು ಎತ್ತು. ಸಹಿ ಹಾಕ್ದೋನೇ ಎತ್ತು. ನೀವೂ ಬನ್ನಿ ಡಾಕ್ಟ್ರೇ, ಮಗಳಿಗೆ ಫೋನ್ ಮಾಡೋ ಹಾಗೆ ಹೊರಗೆ ಹೋಗ್ಬೇಡಿ."

ಅವನ ದನಿ ಏರಿರಲಿಲ್ಲ. ಅದು ಅವನಿಗೇ ಅಚ್ಚರಿಯಾಯಿತು. ಸಿಟ್ಟು ಹೊಟ್ಟೆಯಿಂದ ಎದ್ದು ಎದೆಯಲ್ಲಿ ಬಂದು ಕೂತಿತ್ತು, ತನ್ನ ಮನೆಗೆ ತಾನು ಬಂದ ಹಾಗೆ ಆರಾಮಾಗಿ. ಮರಾಂಗೊನಿ ಇನ್ನೊಮ್ಮೆ ಕೇಳಿದಳು. ಕೇಳಲೇಬೇಕು, ಕಾನೂನು. ಅವನು ಇನ್ನೊಮ್ಮೆ ಇಲ್ಲ ಎಂದ. ಮತ್ತೆ ಕೇಳಿದಳು, ಮತ್ತೆ ಇಲ್ಲ. ಪ್ರತಿ ಇಲ್ಲವೂ ಹೊಸದಾಗಿ ರುಚಿಸಿತು. ಬಹಳ ವರ್ಷಗಳಿಂದ ಯಾರೂ ಅವನನ್ನು ಒಂದೇ ಪ್ರಶ್ನೆ ಇಷ್ಟು ಸಲ ಕೇಳಿರಲಿಲ್ಲ, ಉತ್ತರಕ್ಕೆ ಇಷ್ಟು ಕಾದಿರಲಿಲ್ಲ. ಇಬ್ಬರು ಡಾಕ್ಟರುಗಳೂ ಬಾರಿನ ಕಟ್ಟೆಯ ಮೇಲೆ ಬಾಗಿ ತಮ್ಮ ತಮ್ಮದನ್ನು ಬರೆದರು. ಗ್ವಾಲ್ತಿಯೆರೊ ಎದುರುಗಡೆಯ ಪುರಸಭೆಗೆ ಹೋದ. ಅವನು ಚೌಕವನ್ನು ದಾಟುವುದನ್ನು ಇಡೀ ಸಂತೆ ನೋಡಿತು. ತಿರುಗಿ ಬರುವಾಗ ಮೇಯರನ ಹಸಿರು ಬಿಳಿ ಕೆಂಪು ಹೆಗಲಪಟ್ಟಿಯೇನೂ ಹಾಕಿರಲಿಲ್ಲ, ಬರೀ ಅಂಗಿಯಲ್ಲಿದ್ದ, ಕಂಕುಳು ಒದ್ದೆಯಾಗಿತ್ತು.

"ಆಯ್ತಾ ಸಮಾಧಾನ?" ಎಂದ. "ಹಾಕ್ದೆ."

"ಆಗ್ಲಿಲ್ಲ. ಎತ್ತು."

ಗಡ್ಡದ ನರ್ಸು ಅಭ್ಯಾಸವಾದ ಕೈಯಿಂದ ಅವನ ಬಲತೋಳಿನ ಕೆಳಗೆ ಕೈ ತೂರಿಸಿದ. ಹೊಸಬ ಕಾಲು ಹಿಡಿದ. ಎಡಗಡೆ ಇವಾನಾ ಬಂದಳು, ಎರ್ಮೆತೆ ಅವಳಿಗೆ ಬೇಡ ಎಂದು ತಲೆಯಾಡಿಸಿ ಗ್ವಾಲ್ತಿಯೆರೊನನ್ನೇ ನೋಡಿದ. ಗ್ವಾಲ್ತಿಯೆರೊ ಬಂದ. ಅವರು ಎತ್ತಿದಾಗ ಎರ್ಮೆತೆ ಯಾರನ್ನೂ ಒದೆಯಲಿಲ್ಲ, ಉಗುಳಲಿಲ್ಲ, ಕೂಗಲಿಲ್ಲ. ಸುಮ್ಮನೆ ಭಾರವಾದ. ಮೈಯಲ್ಲಿ ಒಂದು ಎಳೆಯಷ್ಟೂ ಅವರಿಗೆ ನೆರವಾಗದ ಹಾಗೆ ಪ್ರತಿಯೊಂದು ಕೀಲನ್ನೂ ಬಿಟ್ಟುಕೊಟ್ಟ. ಇಷ್ಟು ವರ್ಷದ ಬ್ರೆಡ್ಡು, ಸಾರು, ಔಷಧದಿಂದ ಊದಿದ ಹೊಟ್ಟೆ, ಎಲ್ಲವನ್ನೂ ಅವರ ಕೈಗಳ ಮೇಲೆ ಇಳಿಸಿದ. ಬಾಗಿಲಲ್ಲಿ ಹೊಸಬನ ಕೈ ಜಾರಿತು, ಮೆಟ್ಟಿಲಿನ ಮೇಲೆ ಇಳಿಸಿ ಮತ್ತೆ ಎತ್ತಬೇಕಾಯಿತು. ಗ್ವಾಲ್ತಿಯೆರೊ ಬಾಯಿಯಲ್ಲಿ ಉಸಿರಾಡುತ್ತಿದ್ದ. ಅವನ ಗಲ್ಲ ಎರ್ಮೆತೆಯ ಕಿವಿಗೆ ತಾಗುತ್ತಿತ್ತು. ಚೌಕದಲ್ಲಿ ಕೋಸಿನ ಬುಟ್ಟಿ ಹಿಡಿದವರು, ಗಾಡಿಗೆ ಹಗ್ಗ ಬಿಗಿಯುತ್ತಿದ್ದವರು ನಿಂತಲ್ಲೇ ನಿಂತಿದ್ದರು. ಅವನು ಒಬ್ಬೊಬ್ಬರ ಮುಖವನ್ನೂ ಕೆಳಗಿನಿಂದ, ತಲೆಕೆಳಗಾಗಿ, ಗಡಿಬಿಡಿಯಿಲ್ಲದೆ ನೋಡಿದ. ಯಾರೂ ಅವನನ್ನು ನೋಡಲಿಲ್ಲ, ಅವನನ್ನು ಹೊತ್ತವರನ್ನು ನೋಡುತ್ತಿದ್ದರು.

ವ್ಯಾನಿನ ಬಾಗಿಲು ಮುಚ್ಚಿತು. ಹೊರಗೆ ಪಿಯೆರಿನಾಳ ದನಿ ಒಮ್ಮೆಗೇ ಸಿಡಿಯಿತು. ಆಟ ಆಡಿಸ್ತೀನಿ ಅಂತ ವಾರ ವಾರ ಕರ್ಕೊಂಡು ಹೋಗಿ ಹಿಂಗಾ ಮಾಡೋದು, ನಾಯಿಗಳಾ! ಗ್ವಾಲ್ತಿಯೆರೊನೂ ಸಿಡಿದ. ಎರಡು ತಿಂಗಳು ಮನೇಲೇ ಇಟ್ಕೊಂಡು ನಿಂಗೆ ಗೊತ್ತಾಗ್ಲಿಲ್ವಾ, ಕಣ್ಣೇನು ಒಲೇಲಿಟ್ಟಿದ್ಯಾ! ಬಿಯಾಜೊ ಮಧ್ಯೆ ಬಾಯಿ ಹಾಕಿದ, ನಿವೆಸ್ ಬಿಯಾಜೊನಿಗೆ ಬೈದಳು. ಇಡೀ ಚೌಕ ಗಂಟಲು ಹರಿದುಕೊಳ್ಳತೊಡಗಿತು, ನಿರಾತಂಕವಾಗಿ. ಯಾರೂ ಅವರಿಗೆ ಮೆತ್ತಗೆ ಎನ್ನಲಿಲ್ಲ. ಒಳಗೆ ಗಡ್ಡದವನು ಅವನ ಎದುರು ಕೂತು ಪೊಟ್ಟಣ ಹರಿದು ಸೂಜಿ ತೆಗೆದ, ಬೆರಳಿನಿಂದ ತಟ್ಟಿ ಗುಳ್ಳೆ ಓಡಿಸಿದ. ಒಳ್ಳೆಯವನ ಹಾಗಿದ್ದ.

"ಯಾವ ತೋಳು ಕೊಡ್ತೀರಾ?" ಎಂದು ಕೇಳಿದ.

"ನಿನಗೆ ಬೇಕಾದ್ದು ತಗೋ" ಎಂದ ಎರ್ಮೆತೆ. "ನಾನು ಕೊಡಲ್ಲ."